ಹುಣಸೆಹಣ್ಣು, ಎರಡು ನಿಮಿಷ ಮೌನ, ಮತ್ತೆ ಹುಳದ ಜ್ವರ

ಮೈಂಡ್‌ಫುಲ್‌ನೆಸ್ ಅಂದ್ರೆ ಸಾಕು, ನಮ್ ಸ್ಟಾಫ್ ರೂಮಲ್ಲಿ ಒಬ್ರು ಚಕ್ರ ಓಪನ್ ಆಗುತ್ತೆ, ಮೆಮೊರಿ ಪವರ್ ಏರುತ್ತೆ ಅಂತ ಶುರು ಮಾಡ್ತಾರೆ, ಇನ್ನೊಬ್ರು ಪೋರ್ಷನ್ನೇ ಮುಗಿದಿಲ್ಲ, ಕಣ್ ಮುಚ್ಕೊಂಡು ಕೂರ್ಬೇಕಾ ಅಂತ ರೇಗ್ತಾರೆ. ಇಬ್ರದ್ದೂ ತಪ್ಪೇ. ಮನಸ್ಸು ಖಾಲಿ ಮಾಡೋದಲ್ಲ ಅದು, ಈಗ ಏನಾಗ್ತಿದೆ ಅಂತ ಸರಿ-ತಪ್ಪು ಹೇಳ್ದೆ ನೋಡೋದು, ಅಷ್ಟೇ. ಜಾನ್ ಕಬಾಟ್-ಜಿನ್ ಅನ್ನೋರು 1979ರಲ್ಲಿ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ ಮೆಡಿಕಲ್ ಸ್ಕೂಲಲ್ಲಿ ಶುರು ಮಾಡಿದ ಮೈಂಡ್‌ಫುಲ್‌ನೆಸ್ ಕೋರ್ಸಲ್ಲಿ ಒಂದೇ ಒಂದು ಒಣದ್ರಾಕ್ಷೀನ ನಿಧಾನಕ್ಕೆ ನೋಡಿ, ಮೂಸಿ, ಆಮೇಲೆ ಬಾಯಿಗೆ ಹಾಕ್ಕೊಳೋ ಅಭ್ಯಾಸ ಇದೆ.

ನಾನು ಚಿಕ್ಕಬಳ್ಳಾಪುರದೋನು, ದ್ರಾಕ್ಷಿ ಬಿಟ್ಟು ಹುಣಸೆಹಣ್ಣು ತಗೊಂಡ್ ಹೋದೆ. ಎಂಎಸ್ಸಿ ಹುಡುಗ್ರ ಅಂಗೈಗೆ ಒಂದೊಂದು ತುಂಡು. ತಿನ್ನಂಗಿಲ್ಲ, ಎರಡು ನಿಮಿಷ ನೋಡಿ, ಬಾಯಲ್ಲಿ ಏನಾಗುತ್ತೋ ಬರ್ಕೊಳ್ಳಿ ಅಂದೆ. ಮೊದ್ಲು ಕಿಸಿಕಿಸಿ ನಗು, ಆಮೇಲೆ ಕ್ಲಾಸೆಲ್ಲಾ ಎಂಜಲು ನುಂಗೋ ಸದ್ದು! ಒಬ್ಳು ಬರೆದಿದ್ಲು, "ಕಿವಿ ಕೆಳಗೆ, ದವಡೆ ಹತ್ರ ಜುಮ್ ಅಂತು". ಪರೋಟಿಡ್ ಅನ್ನೋ ದೊಡ್ಡ ಜೊಲ್ಲು ಗ್ರಂಥಿ ಇರೋದೇ ಅಲ್ಲಿ. ಚಿತ್ರ ತೋರ್ಸೋಕೆ ಮುಂಚೆನೇ ಹುಡುಗಿ ಅದನ್ನ ತನ್ನ ಮೈಯಲ್ಲೇ ಕಂಡ್ಹಿಡಿದಿದ್ಲು. ಹುಳಿ ನಾಲಿಗೆಗೆ ತಾಕೇ ಇಲ್ಲ, ಜೊಲ್ಲು ಹೆಂಗೆ ಬಂತು ಅಂತ ಅವರೇ ಕೇಳಿದ್ಮೇಲೆ ಊಟದ ಸುಳಿವು ಸಿಕ್ರೆ ಸಾಕು, ತಿನ್ನೋಕೆ ಮುಂಚೆನೇ ಜೊಲ್ಲು ಸುರಿಸೋಕೆ ಕಲಿತ ಪಾವ್ಲೋವ್ ನಾಯಿಗಳ ಕಥೆ ಬಂತು, ಅಲ್ಲೀವರೆಗೂ ನಾನು ಬೋರ್ಡ್ ಮುಟ್ಟಿರ್ಲಿಲ್ಲ.

ಶಿಕ್ಷಣ ತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರ (ಕುಂಡಲಿನಿ ಚಕ್ರ ಅಲ್ಲ ಮಾರಾಯ್ರೇ) ಇದೇ: ಅನುಭವ, ಅದನ್ನ ಮೆಲುಕು ಹಾಕೋದು, ಅದರಿಂದ ತತ್ವ, ಆಮೇಲೆ ತತ್ವಾನ ಪರೀಕ್ಷೆ. ನಮ್ ಕಾಲೇಜುಗಳು ಎರಡನೇದನ್ನ ನುಂಗಿಬಿಡ್ತಾವೆ. ಪ್ರಾಕ್ಟಿಕಲ್ ಮಾಡು, ರೀಡಿಂಗ್ ಬರಿ, ಸೈನ್ ಹಾಕಿಸ್ಕೋ. ಹಿಟ್ಟು ರುಬ್ಬಿದ ತಕ್ಷಣ ದೋಸೆ ಹುಯ್ದಂಗೆ, ಹುದುಗೋಕೆ ಟೈಮೇ ಇಲ್ಲ. ಕದಡಿದ ನೀರಲ್ಲಿ ತಳ ಹುಡುಕ್ದಂಗೆ ಅಂತಾನೂ ಅನ್ನಬಹುದು, ಆದ್ರೆ ಇದಕ್ಕಿಂತ ಚೆನ್ನಾಗಿ ಹೇಳ್ದೋನು ಶಿಡ್ಲಘಟ್ಟ ಕಡೆಯ ಹುಡುಗ. "ಸಾರ್, ಈ ಎರಡು ನಿಮಿಷ ಹುಳ ಜ್ವರಕ್ಕೆ ಕೂತಂಗೆ" ಅಂದ. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ಕಾಯಿಲೆ ಅಲ್ಲ, ಚರ್ಮ ಬದಲಿಸೋ ಹೊತ್ತಿಗೆ ರೈತರು ಇಟ್ಟ ಹೆಸರು. ಆಗ ಅದು ತಲೆ ಎತ್ಕೊಂಡು ಅಲ್ಲಾಡದೆ ಇರುತ್ತೆ, ಸೊಪ್ಪು ಮುಟ್ಟಲ್ಲ, ಹಳೇ ಚರ್ಮದೊಳಗೆ ಹೊಸಾದು ತಯಾರಾಗ್ತಿರುತ್ತೆ. ಎಲ್ಲಾ ಏಳೋಕೆ ಮುಂಚೆ ಸೊಪ್ಪು ಹಾಕಿದ್ರೆ ಹುಳ ದಪ್ಪ-ಸಣ್ಣ ಆಗಿ ಬೆಳೆ ಕೆಡುತ್ತೆ. ನಮ್ ಸಿಲಬಸ್ ಜ್ವರದಲ್ಲೂ ಸೊಪ್ಪು ಹಾಕ್ತಾನೇ ಇರುತ್ತೆ.

ಹಾಗಂತ ಎರಡು ನಿಮಿಷದ ಮೌನಕ್ಕೆ ದೀಪ, ಊದುಬತ್ತಿ ಹಚ್ಚೋರನ್ನ ಕಂಡ್ರೆ ನಂಗೆ ಭಯ. ಗೌರಿಬಿದನೂರು ತಾಲೂಕಿನ ಹೊಸೂರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿವಿ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು. ಅದೇ ಸೀಮೆಯ ಹುಡುಗ್ರು ಇವರು, ಹುಣಸೆಗೆ ಸುಮ್ನಾಗ್ಲಿಲ್ಲ, "ಬೆಲ್ಲ ನೋಡಿದ್ರೂ ಇಷ್ಟೇ ಜೊಲ್ಲು ಬರುತ್ತಾ?" ಅಂದ್ರು. ಬಾಯಲ್ಲಿ ಹತ್ತಿ ಉಂಡೆ ಇಟ್ಕೊಂಡು ಮುಂಚೆ-ಆಮೇಲೆ ತೂಕ ಮಾಡಣ ಅಂತ ಅವರೇ ಪ್ಲಾನ್ ಹಾಕಿದ್ರು. ಬೆಲ್ಲ ತಂದಿದ್ದೂ ಆಯ್ತು. ತಕ್ಕಡಿ ಬರೋಷ್ಟ್ರಲ್ಲಿ ಕೊನೇ ಬೆಂಚಿನೋರು ಅದನ್ನ ಮುಗಿಸಿದ್ರು.