ಹೊಸ ನ್ಯೂರಾನ್‌ಗಳಿಗೂ ನೆನಪಿಗೂ ಏನು ಸಂಬಂಧ? (ಬಿಎಸ್ಸಿ ನರ್ಸಿಂಗ್ ಟಿಪ್ಪಣಿ)

ಮೊದಲ ಸೆಮಿಸ್ಟರ್‌ನಲ್ಲಿ ಅಪ್ಲೈಡ್ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ ಮೂರೂ ಒಟ್ಟಿಗೆ ಬರುತ್ತವೆ. ಒಂದು ಕಡೆ ‘ನ್ಯೂರಾನ್ (ನರಕೋಶ) ಸತ್ತರೆ ಮತ್ತೆ ಹುಟ್ಟಲ್ಲ’ ಎಂದು ಬರೆದುಕೊಂಡಿರುತ್ತೇವೆ. ಇನ್ನೊಂದು ಕಡೆ ‘ಹಿಪ್ಪೋಕ್ಯಾಂಪಸ್‌ನಲ್ಲಿ (ಮಿದುಳಿನಲ್ಲಿ ನೆನಪು ಕಟ್ಟುವ ಭಾಗ) ಹೊಸ ನ್ಯೂರಾನ್ ಹುಟ್ಟುತ್ತವೆ’ ಎಂಬ ಸಾಲು ಸಿಗುತ್ತದೆ. ಮೊದಲನೆಯದು ಮಿದುಳಿನ ಬಹುಪಾಲಿಗೆ ನಿಜ. ಎರಡನೆಯದು ಒಂದು ಸಣ್ಣ ಜಾಗದ ಮಾತು. ಆ ಜಾಗದ ಹೆಸರು ಡೆಂಟೇಟ್ ಗೈರಸ್, ಹಿಪ್ಪೋಕ್ಯಾಂಪಸ್‌ನ ಒಂದು ಭಾಗ.

ಇದನ್ನು ಮೊದಲು ತೋರಿಸಿದ್ದು ಅಮೆರಿಕದ ಎಂಐಟಿಯಲ್ಲಿ, ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್. ಕೋಶ ಒಡೆದು ಎರಡಾಗುವಾಗ ಹೊಸ ಡಿಎನ್ಎ ಕಟ್ಟಲು ಥೈಮಿಡಿನ್ ಬೇಕು. ಅವರು ವಿಕಿರಣ ಸೂಸುವ ಥೈಮಿಡಿನ್ ಅನ್ನು ಇಲಿಗಳಿಗೆ ಕೊಟ್ಟರು. ಆಮೇಲೆ ನೋಡಿದರೆ ಡೆಂಟೇಟ್ ಗೈರಸ್‌ನ ನ್ಯೂರಾನ್‌ಗಳಲ್ಲಿ ಅದರ ಗುರುತಿತ್ತು, ಅಂದರೆ ಅವು ಹೊಸದಾಗಿ ಹುಟ್ಟಿದವು. 1965ರ ಆ ಲೇಖನವನ್ನು ಬಹಳ ವರ್ಷ ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ. ಮನುಷ್ಯರಲ್ಲಿ ಪುರಾವೆ ಸಿಕ್ಕಿದ್ದು 1998ರಲ್ಲಿ. ಕೆಲವು ಕ್ಯಾನ್ಸರ್ ರೋಗಿಗಳಿಗೆ ಗೆಡ್ಡೆಯ ಬೆಳವಣಿಗೆ ನೋಡಲು ಒಡೆಯುವ ಕೋಶದ ಡಿಎನ್ಎಗೆ ಸೇರುವ ಬಿಆರ್‌ಡಿಯು ಎಂಬ ಗುರುತು ವಸ್ತು ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಹಿಪ್ಪೋಕ್ಯಾಂಪಸ್‌ನ ನ್ಯೂರಾನ್‌ಗಳಲ್ಲೂ ಅದು ಕಂಡಿತು.

ಈಗ ಮುಖ್ಯ ವಿಷಯ. ಹೊಸ ಕೋಶ ಅಂದ ತಕ್ಷಣ ‘ನೆನಪಿಗೆ ಜಾಸ್ತಿ ಜಾಗ’ ಅನ್ನಿಸುತ್ತದೆ, ಅಲ್ವಾ? ಪ್ರಯೋಗಗಳು ಹೇಳುವುದು ಬೇರೆ. ಇಲಿಗಳಲ್ಲಿ ಹುಟ್ಟಿದ ಕೋಶಗಳಲ್ಲಿ ಬಹಳಷ್ಟು ಕೆಲವೇ ವಾರಗಳಲ್ಲಿ ಸಾಯುತ್ತವೆ. ಉಳಿದವು ಹಿಪ್ಪೋಕ್ಯಾಂಪಸ್‌ನಲ್ಲೇ ಇರುವ ಸಿಎ3 ಎಂಬ ಭಾಗಕ್ಕೆ ಆಕ್ಸಾನ್ (ಸಂಕೇತ ಒಯ್ಯುವ ಉದ್ದ ಎಳೆ) ಚಾಚುತ್ತವೆ. 4ರಿಂದ 6 ವಾರದ ವಯಸ್ಸಿನಲ್ಲಿ ಅವು ಹಳೆಯ ಕೋಶಗಳಿಗಿಂತ ಸುಲಭವಾಗಿ ಪ್ರಚೋದನೆಗೊಳ್ಳುತ್ತವೆ, ಬೇಗ ಬದಲಾಗುತ್ತವೆ. 2009ರ ಒಂದು ಪ್ರಯೋಗದಲ್ಲಿ ಹೊಸ ನ್ಯೂರಾನ್ ಹುಟ್ಟುವುದನ್ನೇ ತಡೆದರು. ದೂರ ದೂರದ ಜಾಗಗಳನ್ನು ಇಲಿಗಳು ಸರಿಯಾಗಿಯೇ ಗುರುತಿಸಿದವು. ಪಕ್ಕಪಕ್ಕದ ಜಾಗಗಳಲ್ಲಿ ಎಡವಿದವು. ಒಂದೇ ಥರದ ಎರಡು ನೆನಪುಗಳನ್ನು ಬೇರೆ ಬೇರೆಯಾಗಿ ಇಡುವ ಈ ಕೆಲಸಕ್ಕೆ ಪ್ಯಾಟರ್ನ್ ಸೆಪರೇಷನ್ ಎನ್ನುತ್ತಾರೆ. ವಾರ್ಡ್‌ನಲ್ಲಿ ನಮಗೆ ದಿನವೂ ಬೇಕಾದದ್ದು ಇದೇ. ನಿನ್ನೆ ಆ ಬೆಡ್‌ನಲ್ಲಿ ಇದ್ದವರು ಬೇರೆ, ಇವತ್ತು ಇರುವವರು ಬೇರೆ. ಹೆಸರು ಒಂದೇ ಥರ ಕೇಳಿಸಿದರೂ ಡೋಪಮೈನ್ ಔಷಧಿ ಬೇರೆ, ಡೊಬುಟಮೈನ್ ಬೇರೆ. (ಹಾಗಂತ ಔಷಧಿ ಅದಲುಬದಲಾದರೆ ಡೆಂಟೇಟ್ ಗೈರಸ್ ಮೇಲೆ ಹಾಕಲು ಆಗಲ್ಲ. ಲೇಬಲ್ ಓದಲೇಬೇಕು.)

ಇನ್ನೊಂದು ಮುಖವೂ ಇದೆ. 2014ರಲ್ಲಿ ಟೊರಾಂಟೊದ ಸಂಶೋಧಕರು, ಕಲಿಕೆ ಆದ ಮೇಲೆ ಹೊಸ ನ್ಯೂರಾನ್ ಹೆಚ್ಚಿಸಿದರೆ ಹಳೆಯ ನೆನಪು ಮಸುಕಾಗುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ಹೆಚ್ಚಿಸಿದ್ದು ಹೇಗೆ? ವಾರಗಟ್ಟಲೆ ಚಕ್ರದ ಮೇಲೆ ಓಡಿಸಿ. ಓದಿದ್ದು ಮರೆತುಹೋಗುತ್ತದೆ ಅಂತ ಸುಮ್ನೆ ವಾಕಿಂಗ್ ಬಿಡಬೇಡಿ!

ಮನುಷ್ಯರ ವಿಷಯದಲ್ಲಿ ಜಗಳ ಮುಗಿದಿಲ್ಲ. 2018ರಲ್ಲಿ ಒಂದು ತಂಡ, ಬಾಲ್ಯದ ನಂತರ ಹೊಸ ನ್ಯೂರಾನ್ ಕಾಣುವುದಿಲ್ಲ ಎಂದಿತು. ಅದೇ ವರ್ಷ ಇನ್ನೊಂದು ತಂಡ, 79 ವಯಸ್ಸಿನವರಲ್ಲೂ ಇವೆ ಎಂದಿತು. 2019ರಲ್ಲಿ ಮ್ಯಾಡ್ರಿಡ್‌ನ ತಂಡ ವೃದ್ಧರಲ್ಲೂ ಅವನ್ನು ಕಂಡಿತು, ಆಲ್‌ಝೈಮರ್ ಇದ್ದವರಲ್ಲಿ ಸಂಖ್ಯೆ ಕಡಿಮೆ. ಮಿದುಳಿನ ತುಂಡನ್ನು ಫಾರ್ಮಾಲಿನ್ ಥರದ ದ್ರಾವಣದಲ್ಲಿ ಎಷ್ಟು ಹೊತ್ತು ಇಡುತ್ತೇವೆ ಎನ್ನುವುದರ ಮೇಲೂ ಹೊಸ ನ್ಯೂರಾನ್‌ನ ಗುರುತು ಕಾಣಿಸುವುದು ನಿಂತಿದೆ ಎಂದು ಅವರು ತೋರಿಸಿದರು. ಹಾಗಾಗಿ ಉತ್ತರದಲ್ಲಿ ‘ಇಲಿಗಳಲ್ಲಿ ಖಚಿತ, ಮನುಷ್ಯರಲ್ಲಿ ಚರ್ಚೆಯಲ್ಲಿದೆ’ ಎಂದು ಬರೆಯುವುದು ಒಳ್ಳೆಯದು.

ಇದು ವಾರ್ಡ್‌ಗೆ ತಟ್ಟುವುದು ರೇಡಿಯೋಥೆರಪಿಯಲ್ಲಿ. ಒಡೆಯುತ್ತಿರುವ ಕೋಶಗಳಿಗೆ ವಿಕಿರಣದ ಹೊಡೆತ ಹೆಚ್ಚು. ಅದಕ್ಕೇ ಇಡೀ ಮಿದುಳಿಗೆ ವಿಕಿರಣ ಕೊಡುವಾಗ, ಸಾಧ್ಯವಿದ್ದರೆ ಹಿಪ್ಪೋಕ್ಯಾಂಪಸ್‌ಗೆ ಡೋಸ್ ಕಡಿಮೆ ಮಾಡುತ್ತಾರೆ. 2020ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಹೀಗೆ ಮಾಡಿದವರ ನೆನಪು ಮತ್ತು ಕಲಿಕೆ ಕಡಿಮೆ ಕುಂದಿತ್ತು. ಇಂಥ ರೋಗಿಗೆ ಮನೆಗೆ ಹೋಗುವಾಗ ಮಾತ್ರೆಯ ಸಮಯವನ್ನು ಬಾಯಲ್ಲಿ ಹೇಳಿದರೆ ಸಾಲದು. ಚೀಟಿಯಲ್ಲಿ ಬರೆದು, ಮನೆಯವರ ಎದುರು ರೋಗಿಯಿಂದಲೇ ಒಮ್ಮೆ ಹೇಳಿಸಿ.