ಎರಡು ನೀರು, ನಡುವೆ ಒಂದು ಗುಳ್ಳೆ

ಇಂಗ್ಲೆಂಡಿಗೆ ಹೋಗಿ ಮನೆ ಮಾಡಿದ ನಮ್ಮವರಿಗೆ ಮೊದಲ ಚಳಿಗಾಲದಲ್ಲೇ ಯಾರಾದರೂ ಒಂದು ಎಚ್ಚರಿಕೆ ಕೊಟ್ಟಿರುತ್ತಾರೆ: "ಬಿಸಿನೀರಿನ ನಲ್ಲಿ ನೀರು ಬಾಯಿಗೆ ಹಾಕ್ಬೇಡಿ, ಅದರಲ್ಲಿ ರೇಡಿಯೇಟರ್ ಕೆಮಿಕಲ್ ಇರುತ್ತೆ." ಹಳೇ ಮನೆಗಳ ಮಟ್ಟಿಗೆ ಬುದ್ಧಿಮಾತು ಸರಿ, ಕಾರಣ ತಪ್ಪು. ಅಲ್ಲಿ ಬಿಸಿನೀರು ಬರೋದು ಅಟ್ಟದಲ್ಲಿರುವ ತೊಟ್ಟಿಯಿಂದ. ಮುಚ್ಚಳ ಸರಿಯಿಲ್ಲದ ತೊಟ್ಟಿಯಾದರೆ ಧೂಳು, ಹುಳ, ಒಮ್ಮೊಮ್ಮೆ ಸತ್ತ ಪಾರಿವಾಳ. ಕುಡಿಯಬೇಡಿ ಅನ್ನೋದು ಅದಕ್ಕೆ. ರೇಡಿಯೇಟರ್ ಅಂದರೆ ಕೋಣೆ ಬೆಚ್ಚಗಿಡಲು ಗೋಡೆಗೆ ಹಾಕಿರುವ, ಒಳಗೆ ಬಿಸಿನೀರು ಹರಿಯುವ ಲೋಹದ ಹಲಗೆ. ಅದರ ನೀರು ಬೇರೆ, ಸ್ನಾನದ ನೀರು ಬೇರೆ. ಎರಡಕ್ಕೂ ಕಾವು ಕೊಡೋದು ಒಂದೇ ಬಾಯ್ಲರ್, ಅಷ್ಟೇ.

ಆದರೆ ಆ ಭಯ ಪೂರ್ತಿ ಸುಳ್ಳೂ ಅಲ್ಲ. ರೇಡಿಯೇಟರಿನ ಮೂಲೆಯಲ್ಲಿ ಗಾಳಿ ಬಿಡಲು ಒಂದು ಪುಟ್ಟ ತಿರುಪು ಇರುತ್ತದೆ. ಚಿಕ್ಕ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದರೆ ಮೊದಲು ಉಸ್ಸ್ ಅಂತ ಗಾಳಿ, ಆಮೇಲೆ ಕಪ್ಪು ನೀರು. ಕಾರ್ಪೆಟ್ ಮೇಲೆ ಬಿದ್ದರೆ ಕಲೆ ಹೋಗೋದಿಲ್ಲ. ಬಟ್ಟಲಲ್ಲಿ ಹಿಡಿದು ಅಯಸ್ಕಾಂತ ಹತ್ತಿರ ತಂದರೆ ಕಪ್ಪು ಪುಡಿ ಅತ್ತ ಸರಿಯುತ್ತದೆ. ಅದು ಮ್ಯಾಗ್ನೆಟೈಟ್, ಅಂದರೆ ಆಮ್ಲಜನಕ ಸಾಲದೆ ಹುಟ್ಟಿದ ತುಕ್ಕು. ಮುಚ್ಚಿದ ಕೊಳವೆಯಲ್ಲಿ ಒಂದೇ ನೀರು ವರ್ಷಗಟ್ಟಲೆ ಸುತ್ತುತ್ತಿದ್ದರೆ ಅದರಲ್ಲಿದ್ದ ಆಮ್ಲಜನಕ ಬೇಗ ಖರ್ಚಾಗುತ್ತದೆ. ಆಮೇಲೆ ಕಬ್ಬಿಣ ನೀರಿನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ, ಹೈಡ್ರೋಜನ್ ಹೊರಗೆ ಬೀಳುತ್ತದೆ. ಉಸ್ಸ್ ಅಂತ ಬಂದದ್ದು ಎಷ್ಟೋ ಸಲ ಬರೀ ಗಾಳಿಯಲ್ಲ, ಈ ಹೈಡ್ರೋಜನ್. ಬೆಂಕಿಕಡ್ಡಿ ಹಿಡಿದರೆ ಉರಿಯುತ್ತದೆ. ನೋಡೇಬಿಡೋಣ ಅಂತ ಹೊರಡಬೇಡಿ.

ಈ ತುಕ್ಕನ್ನು ತಡೆಯಲು ನೀರಿಗೆ ಇನ್ಹಿಬಿಟರ್ ಸುರಿಯುತ್ತಾರೆ. ಮಾಲಿಬ್ಡೇಟ್, ಫಾಸ್ಫೇಟ್, ಬೆಂಜೋಟ್ರಯಜೋಲ್ ಥರದ ರಾಸಾಯನಿಕಗಳು. ಇವು ಲೋಹದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತವೆ. ಭಯಂಕರ ವಿಷವೇನಲ್ಲ, ಆದರೆ ಅದರಲ್ಲಿ ಮುಖ ತೊಳೆಯುವಂತೆಯೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ 1999ರ ನೀರಿನ ಫಿಟಿಂಗ್ ನಿಯಮಗಳು ನೀರನ್ನು ಐದು ದರ್ಜೆಯಾಗಿ ವಿಂಗಡಿಸುತ್ತವೆ. ಕುಡಿಯುವ ನೀರು 1ನೇ ದರ್ಜೆ. ಮನೆಯ ರೇಡಿಯೇಟರಿನದು 3ನೇ ದರ್ಜೆ, ಕೆಮಿಕಲ್ ಹಾಕಿರಲಿ ಬಿಡಲಿ. ಕೊಳಚೆ ನೀರು 5.

ಈ ಎರಡು ನೀರನ್ನು ಬೇರೆ ಇಡೋದು ಯಾವುದು? ತಾಮ್ರದ ಗೋಡೆ ಅಂತ ಎಲ್ಲರೂ ಹೇಳುತ್ತಾರೆ. ಬಿಸಿನೀರಿನ ಸಿಲಿಂಡರಿನೊಳಗೆ (ದೊಡ್ಡದೊಂದು ಗೀಸರ್ ಅನ್ನಿ) ಸುರುಳಿ ಸುತ್ತಿದ ತಾಮ್ರದ ಕೊಳವೆ ಇರುತ್ತದೆ. ಬಾಯ್ಲರಿನ ನೀರು ಆ ಕೊಳವೆಯೊಳಗೆ ಹರಿಯುತ್ತದೆ, ಸ್ನಾನದ ನೀರು ಹೊರಗೆ ನಿಂತು ಕಾಯುತ್ತದೆ. ನಡುವಿನ ತಾಮ್ರದ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಕಾವು ಬೇಗ ದಾಟಬೇಕಲ್ವಾ, ದಪ್ಪ ಮಾಡುವಂತಿಲ್ಲ. ಇಷ್ಟು ತೆಳು ಗೋಡೆ ಒಂದಲ್ಲ ಒಂದು ದಿನ ಸೂಜಿಮೊನೆಯಷ್ಟು ತೂತಾಗಬಹುದು. ನನಗೆ ಕುತೂಹಲ ಇರೋದು ಗೋಡೆಯ ಮೇಲಲ್ಲ, ತೂತಾದ ಮೇಲೆ ಯಾವ ನೀರು ಯಾವ ಕಡೆ ನುಗ್ಗುತ್ತದೆ ಅನ್ನೋದರ ಮೇಲೆ. ಅದನ್ನು ತೀರ್ಮಾನಿಸೋದು ಒತ್ತಡ.

ಹತ್ತು ಮೀಟರ್ ಎತ್ತರದ ನೀರು ಹೆಚ್ಚೂಕಡಿಮೆ 1 ಬಾರ್ ಒತ್ತಡ ಕೊಡುತ್ತದೆ. ಹಳೇ ಪದ್ಧತಿಯಲ್ಲಿ ಅಟ್ಟದ ಮೇಲೆ ಎರಡು ತೊಟ್ಟಿ: ಸ್ನಾನದ ನೀರಿಗೆ ದೊಡ್ಡದು, ರೇಡಿಯೇಟರಿಗೆ ಚಿಕ್ಕದು. ದೊಡ್ಡ ತೊಟ್ಟಿಯ ನೀರಿನ ಮಟ್ಟ ಒಂದಿಷ್ಟು ಮೇಲಿದ್ದರೆ ಸಾಕು. ಕೊಳವೆ ತೂತಾದಾಗ ಶುದ್ಧ ನೀರೇ ಕೊಳಕಿನ ಕಡೆಗೆ ನುಗ್ಗುತ್ತದೆ. ಚಿಕ್ಕ ತೊಟ್ಟಿ ತುಂಬಿ, ಅದರ ಹೊರಕೊಳವೆಯಿಂದ ಗೋಡೆಯಾಚೆ ಹಗಲೂ ರಾತ್ರಿ ತೊಟ್ಟಿಕ್ಕುತ್ತದೆ. ಫ್ಲೋಟ್ ವಾಲ್ವ್ ಕೆಟ್ಟಿರಬೇಕು ಅಂತ ಅದನ್ನು ಬದಲಿಸಿ, ಮತ್ತೆ ಬದಲಿಸಿ, ಕೊನೆಗೆ ಸಿಲಿಂಡರಿನ ಮೇಲೆ ಅನುಮಾನ ಬರುತ್ತದೆ.

ಹೊಸ ಪದ್ಧತಿಯಲ್ಲಿ ಚಿಕ್ಕ ತೊಟ್ಟಿ ಇಲ್ಲ. ರೇಡಿಯೇಟರ್ ಸುತ್ತನ್ನು 1ರಿಂದ 1.5 ಬಾರ್ ಒತ್ತಡಕ್ಕೆ ತುಂಬಿ ಮುಚ್ಚಿಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಹೀಗೆ ಹೀಟಿಂಗ್ ಮಾತ್ರ ಹೊಸದು, ಸ್ನಾನದ ನೀರು ಇನ್ನೂ ಅಟ್ಟದ ತೊಟ್ಟಿಯದೇ. ಆ ತೊಟ್ಟಿ ಸಿಲಿಂಡರಿಗಿಂತ ಮೂರು ಮೀಟರ್ ಮೇಲಿದ್ದರೆ ಒತ್ತಡ ಬರೀ 0.3 ಬಾರ್. ಈಗ ಸೂಜಿತೂತು ಬಿದ್ದರೆ? ದಿಕ್ಕು ತಿರುಗಾಮುರುಗಾ. ಇನ್ಹಿಬಿಟರ್ ನೀರು ನೇರ ಸ್ನಾನಕ್ಕೆ. ಮನೆಯಲ್ಲಿ ಎಲ್ಲೂ ಒದ್ದೆಯಿಲ್ಲ, ಆದರೂ ಬಾಯ್ಲರಿನ ಒತ್ತಡದ ಮುಳ್ಳು ವಾರವಾರ ಇಳಿಯುತ್ತಿದೆ ಅಂದರೆ ಇದನ್ನೂ ಯೋಚಿಸಬೇಕು. ಸುಮ್ನೆ ಮತ್ತೆ ಮತ್ತೆ ನೀರು ತುಂಬಿಸುತ್ತಾ ಹೋದರೆ ಹೊಸ ಆಮ್ಲಜನಕ ಒಳಗೆ ಬರುತ್ತದೆ, ಕೆಮಿಕಲ್ ತೆಳುವಾಗುತ್ತದೆ, ತುಕ್ಕು ಇನ್ನಷ್ಟು ಜಾಸ್ತಿಯಾಗುತ್ತದೆ.

ಆ ತುಂಬಿಸುವ ಜಾಗವೂ ಅಪಾಯದ್ದೇ. ಬಾಯ್ಲರಿನ ಹತ್ತಿರ ಉಕ್ಕಿನ ಜಡೆಯ ಒಂದು ಚಿಕ್ಕ ಹೋಸ್ ಇರುತ್ತದೆ, ಫಿಲ್ಲಿಂಗ್ ಲೂಪ್ ಅಂತಾರೆ. ಊರಿನ ನೀರಿಗೂ ರೇಡಿಯೇಟರಿನ ನೀರಿಗೂ ನೇರ ಸಂಪರ್ಕ ಅದೊಂದೇ. ನೀರು ಹಿಂದೆ ಬರದಂತೆ ಡಬಲ್ ಚೆಕ್ ವಾಲ್ವ್ ಇರಬೇಕು, ತುಂಬಿಸಿದ ಮೇಲೆ ಹೋಸನ್ನು ಬಿಚ್ಚಿಡಬೇಕು ಅಂತ ನಿಯಮ. ಬಿಚ್ಚಿಡುವವರು ಕಡಿಮೆ. ಮಾಮೂಲಿ ದಿನ ಊರ ನೀರಿನ ಒತ್ತಡವೇ ಜಾಸ್ತಿ, ಏನೂ ಆಗೋದಿಲ್ಲ. ಬೀದಿಯ ಪೈಪ್ ಒಡೆದು ಒತ್ತಡ ಸೊನ್ನೆಗೆ ಇಳಿದ ದಿನ ನಿಮ್ಮ ರೇಡಿಯೇಟರಿನ ನೀರಿಗೂ ಪಕ್ಕದ ಮನೆಯ ನಲ್ಲಿಗೂ ನಡುವೆ ಉಳಿದಿರೋದು ಆ ವಾಲ್ವಿನ ಎರಡು ಸ್ಪ್ರಿಂಗ್ ಮಾತ್ರ.

ಇದು ಬರೀ ಊಹೆಯಲ್ಲ. 1987ರಲ್ಲಿ ಅಮೆರಿಕದ ನಾರ್ತ್ ಡಕೋಟಾದ ಹಳ್ಳಿಗಾಡಿನಲ್ಲಿ, ಅಗ್ನಿಶಾಮಕ ದಳದ ಕಟ್ಟಡದಲ್ಲಿ ಜನ ಪಿಕ್ನಿಕ್ಕಿಗೆ ಸೇರಿದ್ದರು. ಪಾನಕ ಕಲಸಲು ನೀರು ಹಿಡಿದ ನಲ್ಲಿಗೆ ಹೀಟಿಂಗ್ ಸುತ್ತಿನ ಸಂಪರ್ಕವಿತ್ತು. ಆ ಸುತ್ತಿನಲ್ಲಿದ್ದದ್ದು ಹೆಪ್ಪುಗಟ್ಟದಿರಲು ಹಾಕುವ ಎಥಿಲೀನ್ ಗ್ಲೈಕಾಲ್. ಕುಡಿದ ಹಲವರು ಅಸ್ವಸ್ಥರಾದರು. ಈ ದ್ರವದ ರುಚಿ ಸಿಹಿ, ಪಾನಕದಲ್ಲಿ ಗೊತ್ತೇ ಆಗೋದಿಲ್ಲ. ಯಕೃತ್ತು ಅದನ್ನು ಒಡೆದು ಒಡೆದು ಆಕ್ಸಾಲಿಕ್ ಆಮ್ಲದವರೆಗೆ ತರುತ್ತದೆ, ಆಮೇಲೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಟ್ಟುತ್ತದೆ. ಲಡಾಖಿನಂಥ ಚಳಿ ಪ್ರದೇಶದ ಸೋಲಾರ್ ಹೀಟರುಗಳಿಗೂ ಗ್ಲೈಕಾಲ್ ಬೇಕಾಗುತ್ತದೆ. ಅಲ್ಲಿಗೆ ಪ್ರೊಪಿಲೀನ್ ಗ್ಲೈಕಾಲೇ ತಕ್ಕದ್ದು. ಸೋರಿದರೂ ಪ್ರಾಣಕ್ಕೆ ಸಂಚಕಾರವಿಲ್ಲ. ಬೆಂಗಳೂರಿನ ತಾರಸಿಯ ಹೀಟರುಗಳಿಗೆ ಈ ಗೋಜೇ ಇಲ್ಲ, ಅಲ್ಲಿ ನೀರು ಹೆಪ್ಪುಗಟ್ಟೋದು ಫ್ರಿಜ್ಜಿನಲ್ಲಿ ಮಾತ್ರ.

ಇಷ್ಟೆಲ್ಲ ಹೇಳಿದ್ದು ನನ್ನ ಮೆಚ್ಚಿನ ಯಂತ್ರಕ್ಕೆ ಬರಲು. 1960, 70ರ ದಶಕಗಳಲ್ಲಿ ಬ್ರಿಟನ್ನಿನ ಮನೆಮನೆಗೆ ಬಂದ ಪ್ರೈಮ್ಯಾಟಿಕ್ ಅನ್ನುವ ಸಿಲಿಂಡರ್ ಅದು. ಇದರಲ್ಲಿ ಎರಡು ನೀರಿನ ನಡುವೆ ಒಂದು ಕಡೆ ಗೋಡೆಯೇ ಇಲ್ಲ. ಇರೋದು ಗಾಳಿಯ ಗುಳ್ಳೆ!

ತಂಬಿಗೆಯನ್ನು ಬೋರಲಾಗಿ ಹಿಡಿದು ಬಕೆಟ್ ನೀರಿನೊಳಗೆ ನೆಟ್ಟಗೆ ಒತ್ತಿ ನೋಡಿ. ಒಳಗಿನ ಗಾಳಿ ಹೊರಗೆ ಹೋಗೋದಿಲ್ಲ, ನೀರು ಮೇಲೆ ಬರೋದಿಲ್ಲ. ಪ್ರೈಮ್ಯಾಟಿಕ್‌ನ ಒಳಗಿನ ಬೋಗುಣಿಯಂಥ ಕೋಣೆಗಳಲ್ಲೂ ಹೀಗೇ. ಸಿಲಿಂಡರನ್ನು ಮೊದಲ ಸಲ ತುಂಬಿಸುವಾಗ ನೀರು ರೇಡಿಯೇಟರಿನ ಕಡೆಗೂ ಹರಿದು ತುಂಬುತ್ತದೆ. ಆಮೇಲೆ ಗಾಳಿ ಸಿಕ್ಕಿಕೊಂಡು ದಾರಿ ಮುಚ್ಚುತ್ತದೆ. ಅಟ್ಟದ ಮೇಲೆ ಎರಡನೇ ತೊಟ್ಟಿ ಬೇಡ, ಅದರ ಕೊಳವೆ ಬೇಡ. ರೇಡಿಯೇಟರಿನ ನೀರು ಕಾದು ಹಿಗ್ಗಿದರೆ ಗುಳ್ಳೆ ಪಕ್ಕದ ಕೋಣೆಗೆ ಸರಿದು ಜಾಗ ಕೊಡುತ್ತದೆ, ತಣಿದರೆ ವಾಪಸ್ ಬರುತ್ತದೆ. ಇದನ್ನು ಯೋಚಿಸಿದವರ ತಲೆಗೆ ನಮಸ್ಕಾರ.

ಆದರೆ ಗುಳ್ಳೆಗೂ ಒಂದು ಮಿತಿ ಉಂಟು. 100 ಲೀಟರ್ ನೀರು 10 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಹತ್ತಿರಹತ್ತಿರ 3 ಲೀಟರ್ ಹಿಗ್ಗುತ್ತದೆ. ಮನೆಗೆ ಇನ್ನೆರಡು ರೇಡಿಯೇಟರ್ ಸೇರಿಸಿದರೆ ಹಿಗ್ಗುವುದೂ ಜಾಸ್ತಿ, ಗುಳ್ಳೆ ಕೋಣೆ ದಾಟಿ ಮೇಲೆ ತೇಲಿ ಹೋಗುತ್ತದೆ. ಪಂಪ್ ಜೋರಾದರೂ, ಬಾಯ್ಲರ್ ಕುದಿದರೂ ಅದೇ ಗತಿ. ಯಾವ ಎಚ್ಚರಿಕೆಯೂ ಇಲ್ಲ. ಸ್ನಾನದ ನಲ್ಲಿಯಲ್ಲಿ ಕಂದು ನೀರು ಬಂದಾಗಲೇ ಗೊತ್ತಾಗೋದು. ಸಿಲಿಂಡರ್ ಖಾಲಿ ಮಾಡಿ ನಿಧಾನವಾಗಿ ಮತ್ತೆ ತುಂಬಿಸಿದರೆ ಗುಳ್ಳೆ ಮತ್ತೆ ಕೂರುತ್ತದೆ, ಆದರೆ ಎಷ್ಟು ದಿನಕ್ಕೆ ಅಂತ ಯಾರೂ ಹೇಳೋದಿಲ್ಲ. ಅದಕ್ಕೇ ಪ್ರೈಮ್ಯಾಟಿಕ್ ಇರುವ ಮನೆಯ ರೇಡಿಯೇಟರಿಗೆ ಇನ್ಹಿಬಿಟರ್ ಹಾಕಲೇಬಾರದು. ಹಾಕದಿದ್ದರೆ ತುಕ್ಕು. ಹೀಗೆ ಎರಡೂ ಕಡೆ ಸಿಕ್ಕಿಹಾಕಿಕೊಂಡ ಸಿಲಿಂಡರ್ ಇದು, ಒಂದೊಂದಾಗಿ ಬದಲಾಗುತ್ತಿವೆ.

ಹಳೇ ಇಂಗ್ಲಿಷ್ ಮನೆ ಬಾಡಿಗೆಗೋ ಕೊಳ್ಳಲೋ ನೋಡುತ್ತಿದ್ದರೆ ಏಣಿ ಹತ್ತಿ ಅಟ್ಟದಲ್ಲಿ ಎಷ್ಟು ತೊಟ್ಟಿ ಇವೆ ಎಣಿಸಿ. ರೇಡಿಯೇಟರ್ ಇದೆ, ತಾಮ್ರದ ಸಿಲಿಂಡರ್ ಇದೆ, ಒತ್ತಡದ ಮುಳ್ಳು ಎಲ್ಲೂ ಇಲ್ಲ, ತೊಟ್ಟಿ ಒಂದೇ ಅಂದರೆ ಪ್ರೈಮ್ಯಾಟಿಕ್ ಇರುವ ಸಾಧ್ಯತೆ ಜಾಸ್ತಿ. ಪ್ಲಂಬರ್ ಕೆಮಿಕಲ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಕೇಳಿಬಿಡಿ.