ಸೊಂಟದ ಮೇಲಿದ್ದ ಆ ಕೈ ಎಲ್ಲಿ ಹೋಯಿತು?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹಳೇ ಮ್ಯಾಚ್‌ಗಳ ವಿಡಿಯೋ ನೋಡಿದವರಿಗೆಲ್ಲ ಒಂದು ಅನುಮಾನ ಬರುತ್ತದೆ: ಇದಕ್ಕೆಲ್ಲ ಫೌಲ್ ಯಾಕೆ ಕೊಡಲಿಲ್ಲ? ಚೆಂಡು ಪುಟಿಸುತ್ತ (ಡ್ರಿಬಲ್) ಓಡುವವನ ಸೊಂಟದ ಮೇಲೆ ಅವನನ್ನು ತಡೆಯುವ ಡಿಫೆಂಡರ್ ಕೈ ಇಟ್ಟಿದ್ದಾನೆ, ಆ ಕೈಯಿಂದಲೇ ಅವನನ್ನು ತನಗೆ ಬೇಕಾದ ಕಡೆ ತಿರುಗಿಸುತ್ತಿದ್ದಾನೆ, ಎರಡು ಮಾರು ದೂರದಲ್ಲಿ ರೆಫರಿ ಸುಮ್ನೆ ನಿಂತಿದ್ದಾನೆ. ಈಗಿನ ಮ್ಯಾಚ್ ನೋಡಿದರೆ ಪ್ರಶ್ನೆ ಉಲ್ಟಾ ಆಗುತ್ತದೆ. ಇಷ್ಟಕ್ಕೆಲ್ಲ ಫೌಲ್ ಯಾಕೆ?

ವಿಚಿತ್ರ ಅಂದರೆ, ತಳ್ಳಬಾರದು, ಹಿಡಿಯಬಾರದು ಅನ್ನುವ ನಿಯಮ ಆಗಲೂ ಇತ್ತು, ಈಗಲೂ ಇದೆ. ಅಷ್ಟೇ ಯಾಕೆ, ಆಟ ಹುಟ್ಟಿದ ದಿನವೇ ಇತ್ತು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಐದನೆಯದೇ ಇದು: ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ಯಾವುದೂ ಕೂಡದು. ಎರಡನೇ ಸಲ ಮಾಡಿದರೆ ಮುಂದಿನ ಗೋಲ್ ಆಗುವವರೆಗೆ ಹೊರಗೆ. ಹಾಗಾಗಿ ಈ ಇತಿಹಾಸ ಬರೀ ನಿಯಮ ಬದಲಾದ ಕಥೆ ಅಲ್ಲ. ಯಾವ ಕಾಲದಲ್ಲಿ ಯಾವುದಕ್ಕೆ ಸೀಟಿ ಊದಿದರು, ಯಾವುದಕ್ಕೆ ಊದಲಿಲ್ಲ ಅನ್ನುವ ಕಥೆಯೂ ಹೌದು.

ಮೊದಲ ದಶಕಗಳನ್ನು ಬೇಗ ಮುಗಿಸೋಣ. 1947ರಲ್ಲಿ ಝೋನ್ ಡಿಫೆನ್ಸ್‌ಗೆ (ಒಬ್ಬೊಬ್ಬ ಎದುರಾಳಿಯನ್ನು ಕಾಯುವ ಬದಲು ಜಾಗ ಕಾಯುವುದು) ನಿಷೇಧ ಬಂತು, 1954ರಲ್ಲಿ 24 ಸೆಕೆಂಡ್‌ಗಳೊಳಗೆ ಚೆಂಡು ಎಸೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ಬಂತು, ರಿಂಗ್ ಕೆಳಗಿನ ಪೇಂಟ್ ಜಾಗ 6 ಅಡಿಯಿಂದ 12ಕ್ಕೆ, ಆಮೇಲೆ 16ಕ್ಕೆ ಅಗಲವಾಯಿತು. ಕೈಕೈ ಮಿಲಾಯಿಸುವುದು ಮಾತ್ರ ಆಟದ ಭಾಗವೇ ಆಗಿ ಉಳಿಯಿತು. 1977ರ ಡಿಸೆಂಬರ್‌ನಲ್ಲಿ ಅಂಥದ್ದೇ ಒಂದು ಜಗಳದ ಕಡೆ ಓಡಿ ಬಂದ ಹ್ಯೂಸ್ಟನ್ ರಾಕೆಟ್ಸ್ ಆಟಗಾರ ರೂಡಿ ಟಾಮ್ಯಾನೊವಿಚ್ ಮುಖಕ್ಕೆ ಒಂದೇ ಒಂದು ಗುದ್ದು ಬಿತ್ತು, ಮುಖದ ಮೂಳೆಗಳು ಮುರಿದು ಜೀವಕ್ಕೇ ಅಪಾಯವಾಯಿತು. ಮುಂದಿನ ಸೀಸನ್‌ನಲ್ಲಿ ಲೀಗ್ ಮೂರನೇ ರೆಫರಿಯನ್ನು ತಂದಿತು, ಒಂದೇ ವರ್ಷಕ್ಕೆ ಕೈಬಿಟ್ಟಿತು, ಹತ್ತು ವರ್ಷ ಬಿಟ್ಟು ಮತ್ತೆ ತಂದಿತು. ಹ್ಯಾಂಡ್ ಚೆಕ್ ವಿಷಯದಲ್ಲಿ ಬಿಗಿಯಾಗಿರಿ ಅಂತ ಹೇಳಿದ್ದೂ ಅದೇ ಸೀಸನ್‌ನಲ್ಲಿ. ಆ ಬಿಗಿ ಉಳಿಯಲಿಲ್ಲ.

ಹ್ಯಾಂಡ್ ಚೆಕ್ ಅಂದರೆ ಸೊಂಟದ ಮೇಲಿನ ಆ ಕೈ. ನೋಡಲು ಸಣ್ಣದು, ಆದರೆ ಅದರಿಂದ ಡಿಫೆಂಡರ್‌ಗೆ ಎರಡು ಲಾಭ. ಎದುರಾಳಿ ಯಾವ ಕಡೆ ಹೊರಡುತ್ತಾನೆ ಅನ್ನುವುದು ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ಜೊತೆಗೆ ಅವನ ವೇಗಕ್ಕೆ ಒಂದು ಬ್ರೇಕ್ ಸಿಗುತ್ತದೆ. ಕೈ ತೆಗೆದರೆ ಡಿಫೆಂಡರ್ ಅರ್ಧ ಹೆಜ್ಜೆ ತಡ. ಈ ಮಟ್ಟದ ಆಟದಲ್ಲಿ ಅರ್ಧ ಹೆಜ್ಜೆ ಸಾಕು. ಅವನನ್ನು ದಾಟಿ ಬಂದವನನ್ನು ತಡೆಯಲು ಕಾರ್ನರ್‌ನಲ್ಲಿದ್ದ ಇನ್ನೊಬ್ಬ ಡಿಫೆಂಡರ್ ಓಡಿ ಬರಬೇಕು, ಅವನು ಬಂದ ಕೂಡಲೇ ಕಾರ್ನರ್ ಖಾಲಿ, ಅಲ್ಲಿ ನಿಂತವನಿಗೆ ಆರಾಮಾಗಿ ಒಂದು ತ್ರೀ ಪಾಯಿಂಟರ್, ಅಂದರೆ ದೂರದಿಂದ ಹಾಕುವ ಮೂರು ಪಾಯಿಂಟ್‌ನ ಶಾಟ್. ಈಗಿನ ತ್ರೀ ಪಾಯಿಂಟ್ ಮಳೆಗೆ ಶೂಟಿಂಗ್ ಸುಧಾರಿಸಿದ್ದೊಂದೇ ಕಾರಣ ಅನ್ನುವವರು ಈ ಅರ್ಧ ಹೆಜ್ಜೆಯನ್ನು ಮರೆಯುತ್ತಾರೆ.

80ರ ದಶಕದ ಕೊನೆಗೆ ಡೆಟ್ರಾಯ್ಟ್ ಪಿಸ್ಟನ್ಸ್ ಈ ಬಲವನ್ನೇ ಒಂದು ಪದ್ಧತಿ ಮಾಡಿಕೊಂಡಿತು. ರಿಂಗ್ ಹತ್ತಿರದ ಸುಲಭದ ಶಾಟ್ (ಲೇ ಅಪ್) ಬಿಟ್ಟುಕೊಡುವ ಬದಲು ಗಟ್ಟಿಯಾಗಿ ಒಂದು ಫೌಲ್ ಮಾಡು, ಬೇಕಾದರೆ ಅವನು ಯಾರೂ ತಡೆಯದ ಫ್ರೀ ಥ್ರೋ ಹಾಕಿಕೊಳ್ಳಲಿ. 1988ರಿಂದ ಸತತ ಮೂರು ವರ್ಷ ಮೈಕಲ್ ಜೋರ್ಡನ್ ತಂಡವನ್ನು ಸೀಸನ್ ಕೊನೆಯ ನಾಕೌಟ್ ಸುತ್ತಾದ ಪ್ಲೇಆಫ್‌ನಲ್ಲಿ ಮನೆಗೆ ಕಳಿಸಿದ್ದು ಹೀಗೇ. 1990ರಲ್ಲಿ ಫ್ಲೇಗ್ರಂಟ್ ಫೌಲ್ ಬಂತು: ಅತಿಯಾಗಿ ಹೊಡೆದರೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಎದುರಾಳಿಗೇ. ಆದರೂ ನ್ಯೂಯಾರ್ಕ್ ನಿಕ್ಸ್ ಅದೇ ದಾರಿ ಹಿಡಿಯಿತು. ಅವರ ಲೆಕ್ಕ ಸರಳ: ಪ್ರತಿ ಸಲವೂ ಮೈಗೆ ಮೈ ತಾಗಿಸಿದರೆ ಪ್ರತಿ ಸಲವೂ ಸೀಟಿ ಊದಲು ಆಗುತ್ತದಾ? 1994ರ ಫೈನಲ್ಸ್‌ನಲ್ಲಿ ಹ್ಯೂಸ್ಟನ್ ಜೊತೆ ಏಳು ಮ್ಯಾಚ್ ನಡೆಯಿತು, ಒಂದರಲ್ಲೂ ಯಾವ ತಂಡವೂ 93 ಪಾಯಿಂಟ್ ದಾಟಲಿಲ್ಲ. ನನಗೆ ಆ ಸರಣಿ ಇಷ್ಟ. ಟಿವಿಯವರಿಗೆ ಇಷ್ಟ ಆಗಿರಲಿಕ್ಕಿಲ್ಲ.

ಅಲ್ಲಿಂದ ಹತ್ತು ವರ್ಷ ಹಗ್ಗಜಗ್ಗಾಟ. 1994-95ರಲ್ಲಿ ಅಂಕಣದ ಬಹುಪಾಲು ಜಾಗದಲ್ಲಿ ಹ್ಯಾಂಡ್ ಚೆಕ್ ಬೇಡ ಅಂದರು. ಕೈ ಹೋಯಿತು, ಮೊಣಕೈ ಕೆಳಗಿನ ತೋಳು ಬಂತು. 1997ರಲ್ಲಿ, ರಿಂಗ್ ಕಡೆ ಮುಖ ಮಾಡಿದವನನ್ನು ಆ ತೋಳಿನಿಂದ ತಡೆಯುವುದೂ ಬೇಡ ಅಂದರು. ಪ್ರತಿ ಸಲ ಸೀಸನ್ ಶುರುವಿನಲ್ಲಿ ಸೀಟಿಯೋ ಸೀಟಿ, ಆಮೇಲೆ ನಿಧಾನಕ್ಕೆ ಎಲ್ಲ ಮೊದಲಿನ ಹಾಗೆ. 1998-99ರಲ್ಲಿ ಒಂದು ಮ್ಯಾಚ್‌ಗೆ ಒಂದು ತಂಡದ ಸರಾಸರಿ 91.6 ಪಾಯಿಂಟ್‌ಗೆ ಇಳಿಯಿತು (ಮಾಲೀಕರು ಆಟಗಾರರ ನಡುವಿನ ಒಪ್ಪಂದದ ಜಗಳದಿಂದ ಆಟ ನಿಂತ ಲಾಕೌಟ್‌ನಿಂದ ಸೀಸನ್ 50 ಮ್ಯಾಚ್‌ಗೆ ಮೊಟಕಾಗಿತ್ತು, ಅದೂ ಒಂದು ಕಾರಣ ಅನ್ನಿ). 2001ರಲ್ಲಿ ಝೋನ್‌ಗೆ ಮತ್ತೆ ಅನುಮತಿ ಕೊಟ್ಟರು, ಜೊತೆಗೆ ಯಾರನ್ನೂ ಕಾಯದ ಡಿಫೆಂಡರ್ ಪೇಂಟ್‌ನಲ್ಲಿ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಬಾರದು ಅಂದರು. 2003-04ರಲ್ಲೂ ಸರಾಸರಿ 93.4. ಆ ವರ್ಷ ಚಾಂಪಿಯನ್ ಆದದ್ದು ಮತ್ತೆ ಡೆಟ್ರಾಯ್ಟ್, ಸತತ ಐದು ಮ್ಯಾಚ್‌ಗಳಲ್ಲಿ ಎದುರಾಳಿಗಳನ್ನು 70ರ ಒಳಗೆ ಕಟ್ಟಿಹಾಕಿದ ತಂಡ. ಅವರು ಗೆದ್ದ ಬೇಸಿಗೆಯಲ್ಲೇ ನಿಯಮ ಬಿಗಿಯಾದದ್ದು ಕಾಕತಾಳೀಯ ಇರಬಹುದು.

2004ರಲ್ಲಿ ಹ್ಯಾಂಡ್ ಚೆಕ್ ಬಗ್ಗೆ ಹೇಳಿದ್ದರಲ್ಲಿ ಹೊಸದು ಕಮ್ಮಿ. ಈ ಸಲ ನಿಜವಾಗಿ ಸೀಟಿ ಊದಿದರು, ಊದುತ್ತಲೇ ಹೋದರು, ಅಷ್ಟೇ. ಒಂದೇ ವರ್ಷದಲ್ಲಿ ಸರಾಸರಿ 97.2ಕ್ಕೆ ಏರಿತು. 29 ಮ್ಯಾಚ್ ಗೆದ್ದಿದ್ದ ಫೀನಿಕ್ಸ್ ಸನ್ಸ್ 62 ಗೆದ್ದಿತು. ಆ ಬೇಸಿಗೆಯಲ್ಲಿ ತಂಡಕ್ಕೆ ಬಂದಿದ್ದ ಸ್ಟೀವ್ ನ್ಯಾಶ್, ಯಾರನ್ನೂ ಮೈಬಲದಿಂದ ಸರಿಸಲಾಗದ ಆಟಗಾರ, ಎರಡು ವರ್ಷ ಸತತ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ) ಆದರು. ಡಿಫೆನ್ಸ್ ಸತ್ತೇ ಹೋಯಿತು ಅಂತಲ್ಲ, 2005ರ ಫೈನಲ್ಸ್ ಆಡಿದ್ದು ಸ್ಯಾನ್ ಆ್ಯಂಟೋನಿಯೋ ಮತ್ತು ಅದೇ ಡೆಟ್ರಾಯ್ಟ್. ಆದರೆ ಕಲಿಕೆಯ ದಾರಿ ಬದಲಾಯಿತು. ಕೈ ಇಲ್ಲದ ಡಿಫೆಂಡರ್ ಕಾಲು ಬಳಸಲು ಕಲಿತ, ಎದೆ ಕೊಡಲು ಕಲಿತ, ರಿಂಗ್ ಹತ್ತಿರ ಕೈ ಎತ್ತಿ ನೆಟ್ಟಗೆ ಮೇಲೆ ಹಾರಲು ಕಲಿತ. 2013ರ ಹೊತ್ತಿಗೆ ಇಂಡಿಯಾನಾದ ರಾಯ್ ಹಿಬರ್ಟ್ ಇದರಲ್ಲೇ ಹೆಸರು ಮಾಡಿದ್ದರು.

ಚೆಂಡು ಇದ್ದವರೂ ಕಲಿತರು, ಅದೇ ತಲೆನೋವು. ಡಿಫೆಂಡರ್ ಕೈಗೆ ತನ್ನ ಕೈ ಸಿಕ್ಕಿಸಿ ಶಾಟ್ ಎತ್ತುವುದು, ಓಡುತ್ತ ಓಡುತ್ತ ತಟ್ಟನೆ ನಿಂತು ಹಿಂದಿನವನು ಬಂದು ಡಿಕ್ಕಿ ಹೊಡೆಯುವ ಹಾಗೆ ಮಾಡುವುದು, ಪಕ್ಕಕ್ಕೆ ಹಾರಿ ಮೈಮೇಲೆ ಬೀಳುವುದು. ಹೆಸರು ಬೇಡ, ಇದನ್ನು ಒಮ್ಮೆಯೂ ಮಾಡದ ಸ್ಟಾರ್ ಸಿಗುವುದು ಕಷ್ಟ. 2021ರಲ್ಲಿ ಇಂಥ ನಾಟಕಕ್ಕೆ ಫೌಲ್ ಇಲ್ಲ ಅಂದರು, 2023ರಲ್ಲಿ ಬೇಕಂತಲೇ ಬಿದ್ದರೆ ಮ್ಯಾಚ್ ನಡುವೆಯೇ ದಂಡವಾಗಿ ಟೆಕ್ನಿಕಲ್ ಫೌಲ್ (ಎದುರಾಳಿಗೆ ಒಂದು ಫ್ರೀ ಥ್ರೋ) ತಂದರು. ಅಷ್ಟರಲ್ಲಿ ಸರಾಸರಿ 114ರ ಆಸುಪಾಸಿಗೆ ಹೋಗಿತ್ತು. 2024ರ ಜನವರಿ 22ಕ್ಕೆ ಜೋಯೆಲ್ ಎಂಬೀಡ್ ಒಬ್ಬರೇ ಒಂದೇ ಮ್ಯಾಚ್‌ನಲ್ಲಿ 70 ಪಾಯಿಂಟ್, ನಾಲ್ಕೇ ದಿನ ಬಿಟ್ಟು ಲೂಕಾ ಡಾನ್ಚಿಚ್ 73.

ಫೆಬ್ರವರಿಯಲ್ಲಿ ಸ್ಟಾರ್ ಆಟಗಾರರ ಪ್ರದರ್ಶನ ಪಂದ್ಯ, ಆಲ್ ಸ್ಟಾರ್ ಮ್ಯಾಚ್, 211-186ಕ್ಕೆ ಮುಗಿದ ಮೇಲೆ ಸೀಟಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಫ್ರೀ ಥ್ರೋ ಕಮ್ಮಿ, ಪಾಯಿಂಟ್ ಕಮ್ಮಿ. ನಿಯಮ ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆಗ ಲೀಗ್‌ನ ಬಾಸ್ಕೆಟ್‌ಬಾಲ್ ವ್ಯವಹಾರಗಳ ಮುಖ್ಯಸ್ಥರಾಗಿದ್ದವರು ಜೋ ಡುಮಾರ್ಸ್. 1989ರ ಪಿಸ್ಟನ್ಸ್ ತಂಡದಲ್ಲಿ ಗಾರ್ಡ್ ಸ್ಥಾನದ ಆಟಗಾರ, 2004ರ ಪಿಸ್ಟನ್ಸ್ ತಂಡವನ್ನು ಕಟ್ಟಿದವರೂ ಅವರೇ.

2025ರಲ್ಲಿ ಒಕ್ಲಹಾಮಾ ಸಿಟಿ ಥಂಡರ್ ಏಳು ಮ್ಯಾಚ್‌ಗಳ ಫೈನಲ್ಸ್‌ನಲ್ಲಿ ಇಂಡಿಯಾನಾವನ್ನು ಸೋಲಿಸಿ ಚಾಂಪಿಯನ್ ಆಯಿತು. ಲೂ ಡಾರ್ಟ್, ಅಲೆಕ್ಸ್ ಕರೂಸೋ ಥರದವರು ಎದೆ ಕೊಟ್ಟು, ದಾರಿಗೆ ಅಡ್ಡ ನಿಂತು, ಚೆಂಡಿಗೆ ಕೈ ಹಾಕುತ್ತಲೇ ಇದ್ದರು. ಪ್ರತಿ ಸಲ ಫೌಲ್ ಮಾಡುತ್ತಾರೆ, ಎಲ್ಲದಕ್ಕೂ ಊದಲು ಆಗಲ್ಲ ಅಂತ ಗೊತ್ತು ಅವರಿಗೆ ಅಂತ ಎದುರು ತಂಡಗಳ ಅಭಿಮಾನಿಗಳು ಗೊಣಗಿದರು. ನಿಕ್ಸ್ ಬಗ್ಗೆಯೂ ಇದನ್ನೇ ಹೇಳುತ್ತಿದ್ದರು, ಅಲ್ವಾ?